ಹಿಂದೆ ನೋಡುವ ಕೆಲಸ

ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಬೆನ್ನು ಕೊಟ್ಟು ಕೂತ ಒಂದು ತಗಡಿನ ಅಂಗಡಿ ಇದೆ. ಸೈಕಲ್ ರಿಪೇರಿಯದು. ಮುಂದೆ ತೂಗುಬಿಟ್ಟ ಟಾಯರುಗಳು, ಒಳಗೆ ಗ್ರೀಸಿನ ವಾಸನೆ, ಮೂಲೆಯಲ್ಲಿ ಪಂಚರ್ ನೋಡುವ ನೀರಿನ ಬುಟ್ಟಿ. ರೈಲು ಹೋದಾಗಲೆಲ್ಲ ಗೋಡೆಗೆ ನೇತುಹಾಕಿದ ನಟ್ಟು ಬಿಗಿಯುವ ಪಾನಾಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಅಂಗಡಿ ಇಟ್ಟವನು ಅಬ್ದುಲಗನಿ. ಈಗ ಕೈ ನಡುಗುತ್ತದೆಂದು ಬಾಗಿಲಲ್ಲಿ ಖುರ್ಚಿ ಹಾಕಿಕೊಂಡು ಹೋಗಿಬರುವವರನ್ನು ಮಾತಾಡಿಸುತ್ತಾನೆ. ಕೆಲಸವೆಲ್ಲ ಮಗಳು ರುಕ್ಸಾರಳದು.

ನಡೆಯುವಾಗ ರುಕ್ಸಾರಳ ಎಡಗಾಲು ತುಸು ಎಳೆಯುತ್ತದೆ. ಸೈಕಲ್ ಹತ್ತಿದಳೆಂದರೆ ಆ ಕುಂಟು ಎಲ್ಲಿ ಅಡಗಿತೋ ದೇವರೇ ಬಲ್ಲ. ಹರೆಯದಲ್ಲಿ ಜಿಲ್ಲೆಯ ಪಂದ್ಯಗಳನ್ನು ಗೆದ್ದವಳು. ಒಂದು ಚಳಿಗಾಲ ಅಭ್ಯಾಸಕ್ಕೆಂದು ಗುಂಪಿನೊಂದಿಗೆ ಹೊರಟಾಗ ಟಾಯರು ಜಾರಿ ರಸ್ತೆ ಬದಿಯ ತಗ್ಗಿಗೆ ಬಿದ್ದಳು. ಮುಂದಿದ್ದವರು ಗಾಳಿಯಂತೆ ಹೋದರು. ಮೊಣಕಾಲು ಮುರಿದುಕೊಂಡ ಹುಡುಗಿ ಎದೆಯೆತ್ತರದ ಜೋಳದ ಮರೆಯಲ್ಲಿ ಬಿಸಿಲು ನೆತ್ತಿಗೇರುವ ತನಕ ಬಿದ್ದಿದ್ದಳು. ಕುರಿ ಹೊಡೆದುಕೊಂಡು ಬಂದವನೊಬ್ಬ ಕಂಡು ಎತ್ತಿದ. ಪಂದ್ಯಗಳು ಅಲ್ಲಿಗೆ ಮುಗಿದವು. ಆಮೇಲೆ ಮದುವೆಯಾಯಿತು, ಅದೂ ಉಳಿಯಲಿಲ್ಲ. ಆ ಮಾತು ಎತ್ತಿದವರಿಗೆ ಆಕೆ ಚಹಾ ತರಿಸಿ ಬಾಯಿ ಮುಚ್ಚಿಸುತ್ತಾಳೆ. ತಗ್ಗಿಗೆ ಬಿದ್ದದ್ದನ್ನು ಮಾತ್ರ ತಾನಾಗಿ ಹೇಳುತ್ತಾಳೆ.

"ಬಿದ್ದದ್ದು ದೊಡ್ಡದಲ್ಲ ಬಿಡ್ರಿ. ಒಬ್ಬರರೆ ಹಿಂದ ಹೊಳ್ಳಿ ನೋಡಲಿಲ್ಲಲ್ಲ, ಅದು ಇನ್ನಾ ಚುಚ್ಚತೈತಿ."

ವಿಜಯಪುರದ ಸೈಕಲ್ ಮಂದಿಗೆ ಈಚೆಗೆ ಗರಸಿನ, ಅಂದರೆ ಜಲ್ಲಿಮಣ್ಣಿನ, ದಾರಿಯ ಹುಚ್ಚು ಹತ್ತಿದೆ. ಅಗಲ ಟಾಯರಿನ ಸೈಕಲ್ಲು ತಂದುಕೊಂಡು ರವಿವಾರ ಬಂತೆಂದರೆ ಮಣ್ಣು, ಕಲ್ಲು, ಬಂಡಿಜಾಡು ಹುಡುಕಿಕೊಂಡು ಹೊರಡುತ್ತಾರೆ. ಡಾಂಬರು ರಸ್ತೆಯಲ್ಲಿ ಚಳಿಗಾಲವಿಡೀ ಕಬ್ಬಿನ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡು, ಕಿವಿ ಕಿತ್ತುಹೋಗುವ ಹಾಡು ಹಚ್ಚಿಕೊಂಡು. ಅವುಗಳ ಮಗ್ಗುಲಲ್ಲಿ ಸೈಕಲ್ ಹೊಡೆಯುವುದೆಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ. ಅದಕ್ಕೇ ದಾರಿ ಹುಡುಕಿಕೊಡೆಂದು ರುಕ್ಸಾರಳ ಬಳಿ ಬರುತ್ತಾರೆ. ಭೂತನಾಳದ ಕೆರೆಯ ಹಿಂದಿನ ಏರು, ದ್ರಾಕ್ಷಿ ತೋಟಗಳ ನಡುವಿನ ಕಾಲುದಾರಿ, ಎಲ್ಲವೂ ಆಕೆಗೆ ಅಂಗೈಗೆರೆ.

ಆಕೆಯ ಪದ್ಧತಿ ಹೀಗೆ. ತಾನು ಹೋಗಿ, ಅದೇ ದಾರಿಯಲ್ಲಿ ತಿರುಗಿಯೂ ಬಂದ ಹೊರತು ಯಾರನ್ನೂ ಅಲ್ಲಿಗೆ ಒಯ್ಯುವುದಿಲ್ಲ. ಹಾದಿ ಕವಲೊಡೆದಲ್ಲಿ ಸುತ್ತಮುತ್ತ ಬಿದ್ದ ಕಲ್ಲು ಮೂರು ಪೇರಿಸಿ, ಮೇಲಿನದಕ್ಕೆ ಸುಣ್ಣ ಬಳಿಯುತ್ತಾಳೆ. ಕಲ್ಲಿರುವ ಕಡೆಗೆ ತಿರುಗಿದರೆ ಸರಿಯಾದ ದಾರಿ. ಇನ್ನೊಂದು, ಸವಾರಿಯ ದಿನ ಕಟ್ಟಕಡೆಯ ಸೈಕಲ್ಲು ಆಕೆಯದೇ. ಹಿಂದೆ ನೋಡುತ್ತ, ಒಬ್ಬರೂ ಉಳಿಯದಂತೆ ಎಲ್ಲರನ್ನೂ ಮುಂದೆ ಹಾಕಿಕೊಂಡು ಊರು ಮುಟ್ಟಿಸುವುದು. ಇದರಲ್ಲಿ ಎಂದೂ ತಪ್ಪಿದವಳಲ್ಲ.

ಆಕೆಗೆ ಒಂದು ಆಸೆಯಿತ್ತು. ತಿಕೋಟಾದಿಂದ ಬಬಲೇಶ್ವರಕ್ಕೆ ಡಾಂಬರು ಮುಟ್ಟದೆ ಹೋಗುವ ದಾರಿಯೊಂದು ಸಿಗಬೇಕು. ನಡುವೆ ಕಳ್ಳಕವಟಗಿಯ ಆಚೆ ಮಡ್ಡಿ ಅಡ್ಡ ಬರುತ್ತದೆ. ಹುಲ್ಲೂ ನೆಟ್ಟಗೆ ನಿಲ್ಲದ ಕಲ್ಲುಗುಡ್ಡ ಅದು. ಎಷ್ಟೋ ರವಿವಾರ ಅಲೆದ ಮೇಲೆ ಒಂದು ಮಧ್ಯಾಹ್ನ ಮಡ್ಡಿಯ ನೆತ್ತಿಯಲ್ಲಿ, ಒಂಟಿ ಜಾಲಿಮರದ ಹತ್ತಿರ, ಹಾದಿ ಎರಡಾಗಿ ಒಡೆದದ್ದು ಕಂಡಿತು. ಎಡಕ್ಕಿನದು ಅಗಲವಾಗಿ, ಹಸನಾಗಿ ಬಾ ಬಾ ಎಂದು ಕರೆಯುವಂತಿತ್ತು. ಹೋಗಿ ನೋಡಿದರೆ ಗರಸು ಅಗೆದು ಬಿಟ್ಟ ತಗ್ಗು. ಕಡಿದಾದ ಗೋಡೆ, ಕೆಳಗೆ ಹಸಿರುಗಟ್ಟಿದ ನೀರು. ಬಲಕ್ಕಿನದು ಸವೆದು ಅಳಿಸಿಹೋಗಿದ್ದ ಹಳೆಯ ಕಾಲುಹಾದಿ. ಅದೇ ಇಳಿದು ಇಳಿದು ಬಬಲೇಶ್ವರದ ಹೊಲಗಳಿಗೆ ಕೂಡುತ್ತಿತ್ತು. ರುಕ್ಸಾರಳಿಗೆ ಕುಣಿಯುವಷ್ಟು ಹಿಗ್ಗು. ಜಾಲಿಯ ಬುಡದಲ್ಲಿ ಚದುರಿ ಬಿದ್ದಿದ್ದ ಕಲ್ಲು ಮೂರು ಆರಿಸಿ ಬಲಹಾದಿಯ ಬಾಯಿಗೆ ಪೇರಿಸಿದಳು. ಸುಣ್ಣ ಬಳಿದಳು.

ಮುಂದಿನ ವಾರ ಹೋದಾಗ ಮೂರು ಕಲ್ಲು ಇದ್ದಲ್ಲಿ ಮೊಣಕಾಲೆತ್ತರದ ಗುಪ್ಪೆ ಇತ್ತು.

ಕುರಿ ಕಾಯುವವರ ಚೇಷ್ಟೆ ಅಂದುಕೊಂಡಳು. ಮತ್ತೊಂದು ವಾರ ಬಿಟ್ಟು ಹೋದರೆ ಅದು ಸೊಂಟಕ್ಕೆ ಬಂದಿತ್ತು. ಸುಣ್ಣದ ಕಲ್ಲು ಒಳಗೆಲ್ಲೋ ಹೂತುಹೋಗಿತ್ತು. ಮೇಲೆ ಒಂದು ಒಡೆದ ತೆಂಗಿನಹೋಳು, ಅದರೊಳಗೆ ನೀರು. ಮಳೆ ಬಿದ್ದು ತಿಂಗಳುಗಳಾಗಿದ್ದವು. ಸುತ್ತ ಕಣ್ಣು ಹೋಗುವ ತನಕ ಒಂದು ನರಪಿಳ್ಳೆ ಇಲ್ಲ. ಉರಿಬಿಸಿಲು. ಗಾಳಿ ಕೂಡ ನಿಂತಿತ್ತು. ಹೋಳಿನ ನೀರು ಮಾತ್ರ, ಈಗ ತಾನೇ ಯಾರೋ ಬಾಯಿ ಹಚ್ಚಿ ತೆಗೆದಂತೆ, ಸಣ್ಣಗೆ ಅಲುಗುತ್ತಿತ್ತು.

ರುಕ್ಸಾರ ಮಡ್ಡಿ ಇಳಿದು ಕೆಳಗಿನ ತೋಟದ ವಸ್ತಿಗೆ ಬಂದಳು. ನಾಲ್ಕಾರು ಮನೆಗಳ ಆ ವಸ್ತಿಯಲ್ಲಿ ಕಾಳವ್ವನೆಂಬ ಮುದುಕಿ ಶೆಡ್ಡಿನ ನೆರಳಲ್ಲಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದಳು. ಕುಂಟುತ್ತ ಬರುವವಳನ್ನು ಕಂಡವಳೇ ಮೊರದಿಂದ ಕೈ ತೆಗೆದು ಸೆರಗು ಬಾಯಿಗೆ ಹಿಡಿದಳು.

"ಯವ್ವಾ, ನೀ ಮನಶ್ಯಾಳ ಇದ್ದೀಯಲ್ಲ?"

"ಯಾಕ ಆಯಿ, ಹಂಗ ಕೇಳತಿ?"

"ಮಡ್ಡಿ ಮ್ಯಾಲ ಉರಿಬಿಸಲಾಗ ಒಬ್ಬಾಕಿ ಕುಂಟಕೋತ ಅಡ್ಡಾಡತಾಳಂತ ವಸ್ತಿ ಮಂದೆಲ್ಲ ಅಂಜ್ಯಾರ. ನಾನೂ ಕಂಡೇನಿ."

ರುಕ್ಸಾರ ನಕ್ಕುಬಿಟ್ಟಳು. "ಆಯಿ, ಅದು ನಾನ. ಸೈಕಲ್ ದಾರಿ ಹುಡುಕಾಕತ್ತೇನಿ."

ಮುದುಕಿ ನಗಲಿಲ್ಲ. "ನೀ ಆದಿ, ಖರೇ. ನಿನ್ನ ಬೆನ್ನಿಗೆ ಇನ್ನೊಬ್ಬಾಂವ ಬರತಿದ್ದನಲ್ಲ, ಆಂವ ಯಾರು?"

ಕೂತು ನೀರು ಕುಡಿದ ಮೇಲೆ ಕಾಳವ್ವ ಹೇಳಿದಳು. ಅವಳು ಸೊಸೆಯಾಗಿ ಈ ವಸ್ತಿಗೆ ಬರುವ ಮೊದಲಿನ ಮಾತು. ಬೇಸಿಗೆಯಲ್ಲಿ ಒಬ್ಬ ದಾರಿಹೋಕ ಆ ಜಾಲಿಯ ಬುಡದಲ್ಲಿ ನೀರಿಲ್ಲದೆ ಸತ್ತಿದ್ದ. ಕೈಯಲ್ಲಿ ಒಂದು ಬಡಿಗೆ ಬಿಟ್ಟರೆ ಏನೂ ಇರಲಿಲ್ಲ. ಯಾವ ಊರು, ಯಾರ ಮಗ, ಯಾವ ದೇವರ ಒಕ್ಕಲು, ಹೇಳುವವರಿಲ್ಲ. ಸುಡಬೇಕೋ ಹೂಳಬೇಕೋ ತಿಳಿಯದೆ ಹಿರಿಯರು ಅವನ ಮೇಲೆ ಕಲ್ಲು ಪೇರಿಸಿದರು. ಹಾದು ಹೋಗುವವರೆಲ್ಲ ಒಂದೊಂದು ಕಲ್ಲು ಹಾಕಬೇಕು, ಹಾಕಿದ ಮೇಲೆ ಹಿಂದೆ ತಿರುಗಿ ನೋಡಬಾರದು ಎಂದು ಕಟ್ಟು ಮಾಡಿದರು. ಕಲ್ಲು ಹಾಕದವನನ್ನು ಅವನು ತಡೆಯುತ್ತಾನೆ, ತಿರುಗಿ ನೋಡಿದವನ ಜೊತೆ ಎದ್ದು ಬರುತ್ತಾನೆ. ಎಷ್ಟೋ ವರ್ಷ ಹಾಗೇ ನಡೆಯಿತು. ಆಮೇಲೆ ಗರಸು ಒಯ್ಯುವ ಟ್ರ್ಯಾಕ್ಟರುಗಳು ಗುಪ್ಪೆಯ ಮೇಲೆ ಹಾದು ಕಲ್ಲು ಚದುರಿಸಿದವು. ಜನ ಮರೆತರು.

"ಆಂವನೂ ಮರತು ಮಲಗಿದ್ದ. ನೀ ಆಂವನ ಕಲ್ಲ ತಗೊಂಡ ಆಂವನ್ನ ಎಬ್ಬಿಸಿದಿ ನೋಡು. ಸುಣ್ಣಾ ಹಚ್ಚಿ ಬ್ಯಾರೆ! ಕಂಡ ಮಂದಿ ಸುಮ್ಕ ಇದ್ದಾರೇನು? ಗುಪ್ಪಿ ಮತ್ತ ಎದ್ದೈತಿ ಅಂತ ಕಲ್ಲ ಹಾಕಾಕ ಹತ್ಯಾರ."

ರುಕ್ಸಾರ ಮಡ್ಡಿಯ ಕಡೆಗೊಮ್ಮೆ ನೋಡಿದಳು. ಆದರೂ ದಾರಿಯ ಆಸೆ ದೊಡ್ಡದು. "ರವಿವಾರ ನಮ್ಮ ಮಂದಿನ ಈ ಹಾದೀಲೆ ಒಯ್ಯತೇನಿ ಆಯಿ. ಎಲ್ಲಾರೂ ಕಲ್ಲ ಹಾಕತಾರ. ಆದ್ರ ನಾ ಕಡೀಕ ಇರಾಕಿ. ಹಿಂದ ನೋಡೂದ ನನ್ನ ಕೆಲಸ."

"ನಿನ್ನ ಕೆಲಸ ಆಂವಗ ಗೊತ್ತೇನು?" ಎಂದು ಕಾಳವ್ವ ಮೊರ ಕೇರತೊಡಗಿದಳು. "ನೋಡಬ್ಯಾಡ. ದನಿ ಕೇಳಿದ್ರೂ ಓ ಅನಬ್ಯಾಡ. ಮನಶ್ಯಾ ಆದ್ರ ಮೂರ ಸಲ ಕೂಗತಾನ. ಅದು ಎರಡ ಸಲ ಕೂಗಿ ಬಿಡತೈತಿ."

ಮನೆಗೆ ಬಂದು ತಂದೆಗೆ ಹೇಳಿದಳು. ಅಬ್ದುಲಗನಿ ಖುರ್ಚಿಯನ್ನು ಅವಳ ಕಡೆ ತಿರುಗಿಸಿದ. "ದಾರಿ ನಿಂದಿರಬಹುದು ಬೇಟಾ, ಮಡ್ಡಿ ಅವರದು. ಅವರ ರೀತಿ ಹಿಡಿ," ಅಂದ. ಹಾಗಾದರೆ ಹೀಗೆ ಮಾಡುವುದೆಂದು ರುಕ್ಸಾರ ಲೆಕ್ಕ ಹಾಕಿದಳು. ಗುಪ್ಪೆ ಮುಟ್ಟುವ ಮೊದಲೇ ಎಲ್ಲರನ್ನೂ ಎಣಿಸಿಕೊಂಡು, ಎಲ್ಲರೂ ದಾಟಿದ ಮೇಲೆ ತಾನು ಕಲ್ಲು ಹಾಕಿ ನೆಟ್ಟಗೆ ಹೋಗಿಬಿಡುವುದು. ಆಗ ಹಿಂದೆ ನೋಡುವ ಗರಜೇ ಬೀಳುವುದಿಲ್ಲ.

ರವಿವಾರ ನಸುಕಿನಲ್ಲಿ ಹೊರಟರು. ತಿಕೋಟಾದಲ್ಲಿ ಚಹಾ ಕುಡಿಯುವಾಗ ರುಕ್ಸಾರ ಗುಪ್ಪೆಯ ಸಂಗತಿ ಎಲ್ಲರಿಗೂ ಹೇಳಿದಳು. ಬಟ್ಟೆ ಅಂಗಡಿಯ ಸತೀಶಕುಮಾರ, ಗುಂಪಿನ ಬಾಯಿಬಡುಕ, ಬಿಡುತ್ತಾನೆಯೇ?

"ಯಕ್ಕಾ, ಕಲ್ಲ ಯಾಕ? ನಾ ಒಂದ ಟಾವೆಲ್ ಕೊಡತೇನಿ ಆಂವಗ. ಅಂಗಡಿ ಹೆಸರ ಬರದಿರತೈತಿ, ಮಡ್ಡಿ ಮ್ಯಾಲ ನಮ್ದೂ ಒಂದ ಜಾಹೀರಾತ ಆಗತೈತಿ."

"ಲೇ ಸತೀಶ, ನಿನ್ನ ಟಾವೆಲ್ ಒಂದ ಒಗತಕ್ಕ ಬಣ್ಣಾ ಬಿಡತೈತಿ," ಎಂದಳು ಗುಂಪಿನ ಮುಂದೆ ಸಾಗುವ ಸಾಲಿಯ ಟೀಚರ್ ನಂದಾ. "ಮಲಗಿದಾಂವ ಎದ್ದ ನಿನ್ನ ಅಂಗಡಿಗೇ ಬಂದಾನು, ರೊಕ್ಕಾ ವಾಪಸ್ ಕೊಡು ಅಂತ."

ಎಲ್ಲರೂ ನಕ್ಕರು. ಮಡ್ಡಿ ಏರುತ್ತಿದ್ದಂತೆ ನಗು ತಾನಾಗಿಯೇ ಸತ್ತಿತು. ಕೆಳಗಿನ ಹೊಲಗಳಿಂದ ಮಂಜು ಎದ್ದು ಬಂದು ಸುತ್ತುವರಿಯಿತು. ಹೊತ್ತು ಏರಿದ್ದರೂ ಸೂರ್ಯ ತೊಳೆದಿಟ್ಟ ತಾಟಿನಂತೆ ಬೆಳ್ಳಗೆ, ಬಿಸಿಯಿಲ್ಲದೆ ತೂಗುತ್ತಿದ್ದ. ಮುಂದಿನ ಸೈಕಲ್ಲು ಕಾಣದು, ಅದರಡಿ ಗರಸು ಕರಕರ ಅನ್ನುವುದು ಮಾತ್ರ ಕೇಳುತ್ತದೆ. ಜಾಲಿಮರ ಒಮ್ಮೆಗೇ ಎದುರಿಗೆ ಬಂದು ನಿಂತಿತು.

ರುಕ್ಸಾರ ಎಲ್ಲರನ್ನೂ ಇಳಿಸಿದಳು. ಹೆಸರು ಹಿಡಿದು ಕೂಗಿದಳು. ಎಲ್ಲರೂ ಓ ಅಂದರು. ಸತೀಶನೂ ಅಂದ. ಒಬ್ಬೊಬ್ಬರಾಗಿ ಬಲಕ್ಕೆ ತಿರುಗಿ, ಗುಪ್ಪೆಗೆ ಒಂದು ಕಲ್ಲು ಹಾಕಿ, ಸೈಕಲ್ಲು ನೂಕಿಕೊಂಡು ಮಂಜಿನಲ್ಲಿ ಕರಗಿಹೋದರು. ಕಲ್ಲಿಗೆ ಕಲ್ಲು ಬಡಿದ ಸದ್ದು ಟಕ್, ಟಕ್ ಎಂದು ಕೇಳಿ, ಕೊನೆಗೆ ನಿಂತಿತು. ಆಕೆ ತುಸು ಕಾದಳು. ತನ್ನ ಕಲ್ಲು ಹಾಕಿದಳು. ಗುಪ್ಪೆಯ ಒಳಗೆಲ್ಲೋ ಅದು ಉರುಳಿ, ಬಹಳ ಆಳಕ್ಕೆ ಹೋಗಿ ಬಿದ್ದಂತೆ ಕೇಳಿತು.

ನಾಲ್ಕು ಮಾರು ಹೋಗಿರಬಹುದು, ಹಿಂದಿನಿಂದ ದನಿ ಬಂತು.

"ಜರಾ ನಿಂದರ್ರಿ..."

ಗಂಡುದನಿ, ಒಣಗಿದ ಗಂಟಲಿನದು. ರುಕ್ಸಾರ ನಿಂತಳು. ತನ್ನ ಮಂದಿಯಲ್ಲಿ ಆಕೆಯನ್ನು 'ರಿ' ಹಚ್ಚಿ ಕರೆಯುವವರು ಯಾರೂ ಇಲ್ಲ. ಸಣ್ಣವರೆಲ್ಲ ಯಕ್ಕಾ, ದೊಡ್ಡವರೆಲ್ಲ ಏ ರುಕ್ಸಾರ. ಮುಂದಿನವರ ಮಾತು ಇಳಿಜಾರಿನಲ್ಲಿ ಸಣ್ಣಗಾಗುತ್ತಿತ್ತು.

"ನಿಂದರ್ರಿ..."

ಎರಡಾಯಿತು. ಆಕೆ ಹ್ಯಾಂಡಲ್ಲು ಗಟ್ಟಿಯಾಗಿ ಹಿಡಿದು ಮೂರನೆಯದಕ್ಕೆ ಕಾದಳು. ಮಂಜಿನ ಹನಿ ಜಾಲಿಯಿಂದ ತೊಟ್ಟಿಕ್ಕಿತು. ಮೂರನೆಯದು ಬರಲಿಲ್ಲ. ಕಾಳವ್ವ ಹೇಳಿದ್ದು ಸರಿಯಾಗಿತ್ತು, ಅದು ಎರಡೇ ಸಲ ಕೂಗಿ ಬಿಟ್ಟಿತ್ತು. ಇನ್ನು ಹೋಗಿಬಿಡಬೇಕು. ಆದರೆ ಎಣಿಸಿದ ಮೇಲೆ ಯಾರಾದರೂ ಸರಿದಿದ್ದರೆ? ಮೂರನೆಯ ಸಲ ಕೂಗಲು ಅವನಿಗೆ ಉಸಿರಿಲ್ಲದೆ ಹೋಗಿದ್ದರೆ? ಜೋಳದ ಮರೆಯಲ್ಲಿ ಬಿದ್ದ ದಿನ ಆಕೆಯೇ ಎಷ್ಟು ಸಲ ಕೂಗಿದ್ದಳೋ. ಮೊದಮೊದಲು ಚೀರಿದ್ದಳು. ಆಮೇಲೆ ದನಿಯೇ ಬತ್ತಿಹೋಗಿತ್ತು. ಮತ್ತೆ, ಇದು ಸತ್ತವನದೇ ದನಿ ಆಗಿದ್ದರೂ ಏನು? ಅವನೂ ಹಿಂದೆ ಉಳಿದವನೇ ತಾನೆ?

ರುಕ್ಸಾರ ತಿರುಗಿ ನೋಡಿದಳು.

ಗುಪ್ಪೆ, ಜಾಲಿ, ಬಿಳಿ ಮಂಜು. ಬೇರೇನೂ ಇಲ್ಲ. ಕಣ್ಣು ನೆಲಕ್ಕೆ ಇಳಿಸಿದಾಗ ಕಂಡಿತು. ಇಬ್ಬನಿಗೆ ತೊಯ್ದ ಗರಸಿನ ಮೇಲೆ ಒಂದೇ ಒಂದು ಟಾಯರಿನ ಗುರುತು, ಎಡಕ್ಕೆ ಹೊರಳಿತ್ತು.

ಸೈಕಲ್ಲು ಅಲ್ಲೇ ಒಗೆದು ಕುಂಟುಗಾಲಿನಲ್ಲಿ ಓಡಿದಳು. ಗುರುತು ತಗ್ಗಿನ ಅಂಚಿಗೆ ಹೋಗಿ ಕಡಿದುಹೋಗಿತ್ತು. ಬಗ್ಗಿ ನೋಡಿದರೆ ಕೆಳಗೆ ಗೋಡೆಯಿಂದ ಹೊರಬಂದ ಗಿಡದ ಬೇರನ್ನು ತಬ್ಬಿಕೊಂಡು ಸತೀಶಕುಮಾರ ನೇತಾಡುತ್ತಿದ್ದ. ಸೈಕಲ್ಲು ನೀರಿನಲ್ಲಿ ಮುಳುಗಿ ಗುಳ್ಳೆ ಬಿಡುತ್ತಿತ್ತು. ಅವನ ಕಣ್ಣುಗಳು ಮಾತ್ರ ಮೇಲೆ ನೋಡುತ್ತಿದ್ದವು, ಬಾಯಿ ತೆರೆದಿತ್ತು, ಸದ್ದಿರಲಿಲ್ಲ.

"ಅಲ್ಲೇ ಹಿಡಕೋ! ಕೆಳಗ ನೋಡಬ್ಯಾಡ!"

ಬೆನ್ನಿನ ಚೀಲದಲ್ಲಿದ್ದ ಹೆಚ್ಚಿನ ಟ್ಯೂಬುಗಳನ್ನೆಲ್ಲ ತೆಗೆದು ಒಂದಕ್ಕೊಂದು ಗಂಟು ಹಾಕಿದಳು. ಒಂದು ತುದಿ ಅಂಚಿನ ಬಂಡೆಗೆ ಸುತ್ತಿ, ಇನ್ನೊಂದನ್ನು ಉರುಳು ಮಾಡಿ ಬಿಟ್ಟಳು. ರಬ್ಬರು ಎಳೆದಷ್ಟೂ ಉದ್ದವಾಗುತ್ತದೆ, ಹರಿಯುವುದಿಲ್ಲ ಎಂಬ ನಂಬಿಕೆಯೊಂದೇ. ಅವನು ಉರುಳಿನೊಳಗೆ ಕಂಕುಳು ತೂರಿಸಿ, ಗೋಡೆಗೆ ಕಾಲು ಕೊಟ್ಟು, ತೆವಳಿ ತೆವಳಿ ಮೇಲೆ ಬಂದು ಬೋರಲು ಬಿದ್ದ. ಮಣ್ಣು ಉಗುಳಿದ. ಆಮೇಲೆ ಸಣ್ಣ ಕೂಸಿನಂತೆ ಅತ್ತ.

"ಒಂದಕ್ಕ ಅಂತ ಜಾಲಿ ಹಿಂದ ಹೋಗಿದ್ದೆ ಯಕ್ಕಾ. ಹೊಳ್ಳಿ ಬಂದ್ರ ಮಂಜಿನ್ಯಾಗ ಯಾರೂ ಕಾಣಲಿಲ್ಲ. ಅಗಲ ದಾರಿ ಕಾಣ್ತು, ಜೋರ ಹೊಡದೆ."

"ಹುಚ್ಚಪ್ಪಾ! ಎರಡ ಸಲ ಕೂಗಿದಾಂವ ಇನ್ನೊಂದ ಸಲ ಕೂಗಾಕ ಏನಾಗಿತ್ತು ನಿನಗ? ನಾ ಹೋಗೇ ಬಿಡತಿದ್ದೆ."

ಸತೀಶ ತಲೆ ಎತ್ತಿ ನೋಡಿದ. "ನಾ ಎಲ್ಲಿ ಕೂಗಿದ್ನಿ? ಬಿದ್ದ ಹೊಡತಕ್ಕ ಉಸರ ಹಿಡದಿತ್ತು. ಬಾಯಿ ತುಂಬ ಮಣ್ಣಿತ್ತು ಯಕ್ಕಾ."

ಇಬ್ಬರೂ ಎದ್ದರು. ಗುಪ್ಪೆಯ ಹತ್ತಿರ ಬಂದಾಗ ಸತೀಶ ಕಲ್ಲು ಹುಡುಕಿದ. ಹಾಕಿದ. ಅವನನ್ನು ಮುಂದೆ ನಡೆಸಿಕೊಂಡು, ತಾನು ಸೈಕಲ್ಲು ನೂಕುತ್ತ ರುಕ್ಸಾರ ಹಿಂದೆ ಬಂದಳು. ಆಕೆಯ ಹಿಂದೆ, ಮಂಜು ಹರಿದು ಬಿಸಿಲು ಬಿದ್ದ ಮೇಲೂ, ಗರಸಿನ ಮೇಲೆ ಬಡಿಗೆ ಊರಿದ ಸದ್ದು ಬರುತ್ತಿತ್ತು. ಆಕೆ ನಿಂತರೆ ನಿಲ್ಲುತ್ತಿತ್ತು.

ಊರ ಹೊರಗೆ ಉಪ್ಪಿಟ್ಟು ತಿನ್ನುತ್ತ ನಿಂತಿದ್ದ ನಂದಾ ಓಡಿ ಬಂದಳು. "ಎಲ್ಲಿ ಉಳದಿದ್ರಿ? ಎಲ್ಲಾರೂ ಬಂದ್ರಿಲ್ಲೋ?"

"ಬಂದ್ರು," ಅಂದಳು ರುಕ್ಸಾರ. ಎಂದೂ ಸುಳ್ಳು ಹೇಳದವಳು, ಅಂದೂ ಹೇಳಲಿಲ್ಲ.

ಆ ವಾರವೇ ಕಾಳವ್ವನ ವಸ್ತಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಮುದುಕಿ ಬೈಯಲಿಲ್ಲ. ಆಕೆಯ ಬೆನ್ನ ಹಿಂದೆ ಬಹಳ ಹೊತ್ತು ನೋಡಿ, ಎದ್ದು ಹೋಗಿ ಎರಡು ತಂಬಿಗೆ ನೀರು ತಂದಿಟ್ಟಳು.

"ಗುಪ್ಪಿ ಖಾಲಿ ಆತು. ಇನ್ನ ವಸ್ತಿ ಮಂದಿ ಅಂಜಂಗಿಲ್ಲ. ನಿನ್ನ ಪಾಡೇನು?"

"ಕೆಟ್ಟಾಂವಲ್ಲ ಆಯಿ. ಕೂಗದಿದ್ರ ಸತೀಶ ಉಳೀತಿರಲಿಲ್ಲ."

"ಕೆಟ್ಟಾಂವಂತ ಯಾರಂದ್ರು? ಆಂವ ಊರಿಗೆ ಹೊಂಟಾಂವ, ಊರ ಮುಟ್ಟಿಲ್ಲ. ಅಷ್ಟ. ನೀ ಕಡೀದವರನ್ನ ಮುಟ್ಟಸಾಕಿ ಅಂತ ತಿಳದಾನ."

ಬಬಲೇಶ್ವರವೇ ಅವನ ಊರಿರಬೇಕೆಂದು ರುಕ್ಸಾರ ಅಂದುಕೊಂಡಳು. ಒಬ್ಬಳೇ ಹೋಗಿ ಊರ ಬಾಯಲ್ಲಿ ನಿಂತು, ಬಂತು ನೋಡ್ರಿ, ಬಬಲೇಶ್ವರ, ಎಂದಳು. ತಿರುಗಿ ಹೊರಟರೆ ಸದ್ದು ಹಿಂದೆಯೇ ಬಂತು. ಅದಲ್ಲ. ಯಾವ ಊರೋ, ಇಂದು ಅದರ ಹೆಸರೇ ಬದಲಾಗಿದೆಯೋ ಏನೋ.

ಅಮ್ಮ ಆಶಾಬಿ ಹೆದರಿ, ತಾಯತ ಕಟ್ಟಿಸೋಣ ನಡೆ ಎಂದು ದುಂಬಾಲು ಬಿದ್ದಳು. ರುಕ್ಸಾರ ಒಪ್ಪಲಿಲ್ಲ. ನಡುದಾರಿಯಲ್ಲಿ ಬಿಟ್ಟು ಬರುವುದು ತನ್ನಿಂದಾಗದು ಅಂದಳು. ಈಗ ಆಕೆ ಹುಡುಕುವ ದಾರಿಗಳು ಎಲ್ಲಿಂದ ಎಲ್ಲಿಗೋ ಹೋಗುತ್ತವೆ. ಈ ವಾರ ಬಿಜ್ಜರಗಿ, ಬರುವ ವಾರ ಘೋಣಸಗಿ, ಮತ್ತೊಮ್ಮೆ ಮಮದಾಪುರದ ಕೆರೆಯಾಚೆ. ಜೊತೆಗೆ ಹೋಗುವವರು ಹೊಸ ಹೊಸ ಹಾದಿ ಸಿಕ್ಕಿತೆಂದು ಕುಣಿಯುತ್ತಾರೆ. ಸತೀಶಕುಮಾರ ಮಾತ್ರ ತನ್ನ ಬಾಟಲಿಯ ಜೊತೆ ಇನ್ನೊಂದು ನೀರಿನ ಬಾಟಲಿ ತರುತ್ತಾನೆ. ಯಾರಿಗೆ ಎಂದು ಕೇಳಿದರೆ, ಇರಲಿ ಬಿಡ್ರಿ, ಅನ್ನುತ್ತಾನೆ.

ಊರೊಂದರ ಮೊದಲ ಮನೆ ಕಂಡಾಗ ಕಟ್ಟಕಡೆಯ ಸೈಕಲ್ಲು ನಿಲ್ಲುತ್ತದೆ. ರುಕ್ಸಾರ ಒಂದು ಕಾಲು ನೆಲಕ್ಕೂರಿ, ಊರಿನ ಹೆಸರು ಮೆಲ್ಲಗೆ, ಕೇಳುವಷ್ಟೇ, ಹೇಳುತ್ತಾಳೆ.

"ಹೊನವಾಡ ಬಂತು ನೋಡ್ರಿ. ಇಳೀತೀರೇನು?"

ಆಮೇಲೆ ತಿರುಗಿ ನೋಡುತ್ತಾಳೆ, ಕಾಯುತ್ತಾಳೆ.